ಖಬರಸ್ಥಾನದ ಗೋಡೆಯಂಚಿನ ಬಾರಿ ಮರ

ಕಲಬುರಗಿಯಲ್ಲಿ ಮೊದಲ ಮಳೆ ಬೀಳುವ ಹೊತ್ತಿಗೆ ಬೇವಿನ ಹಣ್ಣು ಕಳಿತು ನೆಲಕ್ಕುದುರುತ್ತದೆ. ನಿಜಾಮರ ಕಾಲದಲ್ಲಿ ಕಟ್ಟಿದ ಐವಾನ್-ಎ-ಶಾಹಿಯ ಸುತ್ತಮುತ್ತಲಿನ ರಸ್ತೆಗಳಲ್ಲಿ ಆಗ ಬೆಳಿಗ್ಗೆ ನಡೆದರೆ ಕೋಗಿಲೆ, ಕಾಗೆ, ಗೊರವಂಕ, ಪಿಕಳಾರಗಳ ಸಂತೆಯೇ ನೆರೆದಿರುತ್ತದೆ. ನಮ್ಮ ಕಣ್ಣಿಗೆ ಈ ಊರು ಬಡಾವಣೆಗಳ, ಮೊಹಲ್ಲಾಗಳ ಊರು. ಹಕ್ಕಿಯ ಕಣ್ಣಿಗೆ ಅದು ಬೇರೆ: ಕಾಂಕ್ರೀಟಿನ ನಡುವೆ ಅಲ್ಲಲ್ಲಿ ಉಳಿದ ಹಸಿರು ತುಣುಕುಗಳು. ಕೋಟೆಯ ಕಂದಕ, ರೈಲು ಹಳಿಯ ಬದಿ, ಹಳೆಯ ಬಂಗಲೆಗಳ ಅಂಗಳ, ಮತ್ತೆ ನಮ್ಮ ಖಬರಸ್ಥಾನಗಳು. ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ನಡುವೆ ಕೂರುವ ಕೊಂಬೆ ಬೇಕು.

ಊರು ದಾಟಿ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದತ್ತ ಸಾಗಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎರಡೂ ಕಡೆ ತೊಗರಿ, ಜೋಳ. ಕಾಡೆಂಬುದು ಬಹುತೇಕ ಪೂರ್ವಕ್ಕೆ, ಚಿಂಚೋಳಿಯ ಕಡೆಗೆ ಸರಿದಿದೆ. ಅಲ್ಲಿನ ಒಣ ಎಲೆಯುದುರುವ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಉಳಿದೆಡೆ ಹಕ್ಕಿಗೆ ಆಸರೆ ಹೊಲದ ಬದು. ಒಂದೆರಡು ಮಾರು ಅಗಲದ ಆ ಪಟ್ಟಿಯಲ್ಲಿ ಜಾಲಿ, ಬಾರಿ, ಬೇವು, ತಂಗಡಿ ಒತ್ತೊತ್ತಾಗಿ ಬೆಳೆದಿರುತ್ತವೆ. ಕಳಿಂಗ ಹಕ್ಕಿ ಮಿಡತೆಯನ್ನು ಹಿಡಿದು ಜಾಲಿಯ ಮುಳ್ಳಿಗೆ ಚುಚ್ಚಿ ಇಡುತ್ತದೆ. ಮುಳ್ಳೇ ಅದರ ಉಗ್ರಾಣ. ಗೀಜಗ ಎಲೆಗಳಿಂದ ಸೀಳಿದ ನಾರಿನಿಂದ ಗೂಡು ನೇಯ್ದು, ಬಾವಿಯ ಮೇಲೆ ಬಾಗಿದ ಜಾಲಿಯ ತುದಿಗೆ ತೂಗಬಿಡುತ್ತದೆ. ಕೆಳಗೆ ನೀರು, ಸುತ್ತ ಮುಳ್ಳು, ಹಾವಿಗೆ ದಾರಿ ಸುಲಭವಿಲ್ಲ. ಕಮಲಾಪುರದ ಕೆಮ್ಮಣ್ಣಿನಲ್ಲಿ ಹೆಸರಾಂತ ಕೆಂಬಾಳೆ ತೋಟಗಳಿವೆ. ಅಲ್ಲಿ ಸೂರಕ್ಕಿಗಳು ಬಾಳೆಯ ಹೂಗೊನೆಗೆ ಜೋತುಬಿದ್ದು ಮಕರಂದ ಹೀರಿ, ವಿಶ್ರಾಂತಿಗೆ ಬೇಲಿಯ ಪೊದೆಗೇ ಮರಳುತ್ತವೆ. ತೋಟದೊಳಗೆ ಊಟ, ಅಂಚಿನಲ್ಲಿ ಮನೆ.

ಈ ಬದುವಿನ ಬೇವನ್ನು ನೆಟ್ಟವರಾರು? ಬಹುಪಾಲು ಹಕ್ಕಿಗಳೇ. ತಿಂದ ಹಣ್ಣಿನ ಬೀಜವನ್ನು ಅವು ಕುಳಿತಲ್ಲಿ ಉದುರಿಸುತ್ತವೆ, ಕೂರುವುದು ಬೇಲಿಗೂಟ, ಗೋಡೆ, ತಂತಿಗಳ ಮೇಲೆ. ಆದ್ದರಿಂದಲೇ ಯಾರೂ ನೆಡದ ಮರಗಳು ಗೆರೆ ಎಳೆದಂತೆ ಅಂಚಿನಲ್ಲೇ ಸಾಲಾಗಿ ಏಳುತ್ತವೆ. ಬಾರಿಯ ಓಟೆಯನ್ನು ಸಾಗಿಸುವುದರಲ್ಲಿ ನರಿಗೂ ಮೇಕೆಗೂ ಪಾಲಿದೆ. ಭೂಮಿಯ ಮೇಲಿನ ಪ್ರಾಣಿಗಳೂ ಎರಡು ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ (ಅಲ್-ಅನ್‌ಆಮ್: 38) ತಿಳಿಸುತ್ತದೆ. ತನ್ನ ದುಡಿಮೆಯಿಂದ ಮುಂದಿನ ಪೀಳಿಗೆಗೆ ನೆರಳು ಬಿಟ್ಟುಹೋಗುವ ಸಮುದಾಯವೆಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ಇಷ್ಟೆಲ್ಲ ಬರೆಯಲು ಕಾರಣ ನಮ್ಮ ಮೊಹಲ್ಲಾದ ಖಬರಸ್ಥಾನ. ಶಬೆ ಬರಾತ್‌ಗೆ ಮುಂಚೆ ಅಲ್ಲಿನ ಗಿಡಗಂಟಿಯನ್ನೆಲ್ಲ ಜೆಸಿಬಿಯಿಂದ ಒಂದೇ ದಿನ ಬಳಿದು ಹಾಕಬೇಕೆಂಬ ಮಾತು ಬಂತು. ಈಚಿನ ವರ್ಷಗಳಲ್ಲಿ ಶಬೆ ಬರಾತ್ ಚಳಿಗಾಲದ ಕೊನೆಗೆ ಬರುತ್ತಿದೆ. ಗೋಡೆಯಂಚಿನ ಬಾರಿ ಹಣ್ಣಾಗುವ ಕಾಲವೂ ಅದೇ. ಹಿರಿಯರ ಆತಂಕ ಸುಳ್ಳಲ್ಲ. ಹಾವಿನ ಭಯವಿದೆ, ಜನಾಝಾ ಹೊತ್ತವರ ಕಾಲಿಗೆ ಮುಳ್ಳು ನೆಡುತ್ತದೆ, ಬಳ್ಳಾರಿ ಜಾಲಿ ಹಬ್ಬಿ ಹೊಸ ಖಬರ್ ತೋಡಲು ಜಾಗವೇ ಸಿಗುವುದಿಲ್ಲ. ಮದರಸದ ಉಸ್ತಾದರೆಂದು ನನ್ನ ಅಭಿಪ್ರಾಯ ಕೇಳಿದರು.

ನಾನು ಮೂರು ವಿಷಯಗಳನ್ನು ನೆನಪಿಸಿದೆ. ಮುಸ್ಲಿಮನು ನೆಟ್ಟ ಗಿಡದಿಂದ ಅಥವಾ ಬಿತ್ತಿದ ಬೆಳೆಯಿಂದ ಹಕ್ಕಿ, ಮನುಷ್ಯ ಅಥವಾ ಪ್ರಾಣಿ ತಿಂದರೆ ಅದು ಅವನಿಗೆ ಸದಕಾ ಆಗುತ್ತದೆಂದು ಪ್ರವಾದಿ(ಸ)ರು ಹೇಳಿದ್ದನ್ನು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಲ್ಲಿ ನೆಟ್ಟವನ ಮಾತಿದೆ, ತಾನಾಗಿ ಬೆಳೆದದ್ದರ ಮಾತಿಲ್ಲವಲ್ಲ ಎಂದು ಒಬ್ಬ ಯುವಕ ಕೇಳಿದ. ಒಳ್ಳೆಯ ಪ್ರಶ್ನೆ. ಅದಕ್ಕೆ ಅಬೂ ದಾವೂದ್‌ನ ಹದೀಸ್ ನೋಡಬೇಕು. ಸಿದ್ರ್ ಮರ ಕಡಿಯುವವನಿಗೆ ಅಲ್ಲಿ ಕಠಿಣ ಎಚ್ಚರಿಕೆಯಿದೆ. ದಾರಿಹೋಕರಿಗೂ ಪ್ರಾಣಿಗಳಿಗೂ ನೆರಳಾಗಿರುವ ಬಯಲಿನ ಮರವನ್ನು ಹಕ್ಕಿಲ್ಲದೆ, ವಿನಾಕಾರಣ ಕಡಿಯುವವನ ಕುರಿತ ಮಾತದು ಎಂದು ಇಮಾಮರೇ ವಿವರಿಸಿದ್ದಾರೆ. ಬಯಲಿನ ಮರಕ್ಕೆ ನೆಟ್ಟವನ ಹೆಸರು ಇರಲೇಬೇಕೆಂದಿಲ್ಲ. ಆ ಸಿದ್ರ್ ನಮ್ಮ ಬಾರಿಯ ದಾಯಾದಿ. ಗೋಡೆಯಂಚಿನಲ್ಲಿ ನಿಂತಿದ್ದು ಅದೇ ಕುಲದ ಮರ.

ಮೂರನೆಯದು ಖಬರಸ್ಥಾನಕ್ಕೇ ಸಂಬಂಧಿಸಿದ್ದು. ಪ್ರವಾದಿ(ಸ)ರು ಎರಡು ಖಬರ್‌ಗಳ ಮೇಲೆ ಹಸಿ ಖರ್ಜೂರದ ಗರಿಯನ್ನು ನೆಟ್ಟು, ಅದು ಒಣಗುವವರೆಗೆ ಶಿಕ್ಷೆ ಹಗುರಾಗಬಹುದೆಂದು ಆಶಿಸಿದ ಘಟನೆ ಎಲ್ಲರಿಗೂ ಗೊತ್ತು. ಇದನ್ನು ಆಧರಿಸಿ ಹನಫಿ ವಿದ್ವಾಂಸ ಇಬ್ನು ಆಬಿದೀನ್ (ನಿಧನ 1836) ಖಬರಸ್ಥಾನದ ಹಸಿ ಹುಲ್ಲು, ಗಿಡ ಕೀಳುವುದನ್ನು ಮಕ್ರೂಹ್ ಎಂದರು. ಒಣಗಿದ್ದಕ್ಕೆ ಆ ನಿಷೇಧವಿಲ್ಲ. ಹಸಿರು ಅಲ್ಲಾಹನ ತಸ್ಬೀಹ್‌ನಲ್ಲಿರುತ್ತದೆ ಎಂಬುದು ಅವರು ಕೊಡುವ ಕಾರಣ.

ಹಾಗೆಂದು ಹಸಿರೆಲ್ಲವೂ ಇರಲಿ ಎಂಬ ಹಟ ನನಗಿಲ್ಲ. ಹಕ್ಕಿಯ ಹಿಕ್ಕೆಯಿಂದ ಅರಳಿ, ಆಲ ಮೊಳೆತು ಹಳೆಯ ಗುಂಬಜ್‌ಗಳ ಗಾರೆಯನ್ನು ಸೀಳುವುದನ್ನು ಬಹಮನಿ ರಾಜಧಾನಿಯಾಗಿದ್ದ ಈ ಊರಿನವರಿಗೆ ಹೇಳಿಕೊಡಬೇಕಿಲ್ಲ. ಗೋಡೆಯ ಬಿರುಕಿನ ಸಸಿಯನ್ನು ಎಳೆಯದಿರುವಾಗಲೇ ಕೀಳಬೇಕು. ಬಳ್ಳಾರಿ ಜಾಲಿಯನ್ನು ಬುಡಸಹಿತ ತೆಗೆಯಬೇಕು, ಕಾಲುದಾರಿ ಬಿಡಿಸಬೇಕು. ಆದರೆ ಗೋಡೆಯುದ್ದದ ಬೇವು, ಬಾರಿ, ಕರಿಜಾಲಿಯ ಸಾಲು ಉಳಿಯಲಿ, ಸವರುವುದಿದ್ದರೂ ಮಳೆಗಾಲದ ಗೂಡಿನ ಸಮಯ ಬಿಟ್ಟು ಸವರಲಿ ಎಂದೆ. ಯಂತ್ರದ ಬದಲು ಕೊಡಲಿ, ಕುಡುಗೋಲು ಹಿಡಿದ ನಾಲ್ಕು ಜನ ಸಾಕು. ಯಂತ್ರಕ್ಕೆ ಬಾರಿಯೂ ಒಂದೇ, ಬಳ್ಳಾರಿ ಜಾಲಿಯೂ ಒಂದೇ.

ಜೆಸಿಬಿ ಬರಲಿಲ್ಲ. ಬಳ್ಳಾರಿ ಜಾಲಿ ಅರ್ಧದಷ್ಟು ಹೋಗಿದೆ, ದಾರಿ ತೆರೆದಿದೆ. ಪಶ್ಚಿಮದ ಗೋಡೆಯನ್ನು ಹೊಸದಾಗಿ ಕಟ್ಟಬೇಕಾಗಿರುವುದರಿಂದ ಅಲ್ಲಿನ ದೊಡ್ಡ ಬಾರಿಯ ಮಾತು ಮಾತ್ರ ಇನ್ನೂ ಮುಗಿದಿಲ್ಲ. ಪಾಯವನ್ನು ಮೂರಡಿ ಒಳಕ್ಕೆ ಸರಿಸಿದರೆ ಮರ ಹೊರಗುಳಿಯುತ್ತದೆ ಎನ್ನುತ್ತಾರೆ ಮೇಸ್ತ್ರಿ. ಆ ಮೂರಡಿಯಲ್ಲಿ ಎಷ್ಟು ಖಬರ್‌ಗಳ ಜಾಗ ಹೋಗುತ್ತದೆ ಎಂದು ಕೇಳುತ್ತಾರೆ ಹಿರಿಯರು. ಬರುವ ಜುಮಾ ಆದ ಮೇಲೆ ಹಗ್ಗ ಹಿಡಿದು ಅಳೆಯುವುದೆಂದು ನಿಗದಿಯಾಗಿದೆ.