ಸೋಮವಾರ ಹಾಕ್ತೀನಿ

ಬಾಬಾಬುಡನ್‌ಗಿರಿ ರಸ್ತೆ, ಭಾನುವಾರ. ಜೋಳ ಸುಡುವವನ ಗಾಡಿಗೆ ಕ್ಯೂಆರ್ ಹಾಳೆ, ಮಂಜಿಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಕೆ. ಗಿರಾಕಿಯ ಫೋನಿಗೆ ಸಿಗ್ನಲ್ ಇದೆ, ಇವನದಕ್ಕಿಲ್ಲ. ಗಿರಾಕಿ ಹಸಿರು ಟಿಕ್ಕು ತೋರಿಸಿದ, ಇವನು ಜೋಳ ಕೊಟ್ಟ. ಹಣ ಬಂದ ಮೆಸೇಜು ಗಿರಿ ಇಳಿದ ಮೇಲೆ. ಗುರುತಿಲ್ಲದವರಿಗೆ ಇವನು ಎಂದಾದರೂ ಉದ್ರಿ ಕೊಟ್ಟಿದ್ದನೇ? ಇದು ಉದ್ರಿಯಲ್ಲದೆ ಮತ್ತೇನು?

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಿತ್ತು. ಜೋಳದವನ ಹಾಳೆ ಹಾಗೇ ಇದೆ.

ಕಳಸದ ಕಡೆಯ ಕಾಫಿ ತೋಟ, ಬಟವಾಡೆ. ರೈಟರ್ ಚೆಕ್‌ರೋಲ್ ನೋಡಿ ಹೆಸರು ಕೂಗುತ್ತಾರೆ, ಬಂಗಲೆಯ ವೈಫೈ ಹಿಡಿದು ಮೊಬೈಲಿನಲ್ಲಿ ಹಾಕುತ್ತಾರೆ. ಅಸ್ಸಾಮಿನ ಹುಡುಗರು ಸಿಗ್ನಲ್ ಸಿಗುವ ತಿರುವಿಗೆ ಹತ್ತಿ, ಅಲ್ಲಿಂದಲೇ ಊರಿಗೆ ಕಳಿಸಿಬಿಡುತ್ತಾರೆ. ಸಂಬಳ ಲೈನ್ ಮನೆಯ ಹೊಸ್ತಿಲನ್ನೂ ಕಾಣಲಿಲ್ಲ! ಹಳಬಳೊಬ್ಬಳು, ‘ನಂಗೆ ಕೈಗೇ ಕೊಡಿ ಸಾರ್’ ಅಂದಳು. ಕೊಟ್ಟರು. ಮುಂಗಡ ಮುರಿದುಕೊಂಡ ಲೆಕ್ಕ ಮಾತ್ರ ಎಲ್ಲರದೂ ಹಳೇ ನೋಟ್‌ಬುಕ್ಕಿನಲ್ಲೇ.

ಕಾಫಿ ಬೋರ್ಡಿನ ಪೂಲ್ ಇದ್ದಾಗ ಬೆಳೆ ಒಪ್ಪಿಸಿ ಕಂತಿನ ಹಣಕ್ಕೆ ಕಾಯಬೇಕಿತ್ತು. 1996ಕ್ಕೆ ಮಾರಾಟ ಪೂರ್ತಿ ಮುಕ್ತವಾಯಿತು. 2019ರ ಮಾರ್ಚ್‌ನಲ್ಲಿ ಬೋರ್ಡು ಬ್ಲಾಕ್‌ಚೈನ್ ಮಾರುಕಟ್ಟೆಯನ್ನೇ ಪ್ರಾಯೋಗಿಕವಾಗಿ ತೆರೆಯಿತು. ಬೆಳೆಗಾರ ನೇರವಾಗಿ ಖರೀದಿದಾರನನ್ನು ಮುಟ್ಟಲಿ, ಬೀಜ ಯಾವ ತೋಟದ್ದೆಂದು ಕುಡಿಯುವವನಿಗೆ ತಿಳಿಯಲಿ ಎಂದು. ಲಂಡನ್ನಿನ ರೊಬಸ್ಟಾ, ನ್ಯೂಯಾರ್ಕಿನ ಅರೇಬಿಕಾ ದರ ಈಗ ಮಲಗುವ ಮುಂಚೆ ವಾಟ್ಸಾಪಿಗೇ ಬರುತ್ತದೆ. ನೋಡಿದವರಿಗೆ ನಿದ್ದೆ ಬರುತ್ತದೋ ಇಲ್ಲವೋ ಬೇರೆ ಮಾತು.

ಮೂಡಿಗೆರೆ, ಕಾಫಿ ವ್ಯಾಪಾರಿಯ ಗೋಡೌನು. ಮೂಟೆಗೆ ಕೈ ಹಾಕಿ ಒಂದಿಷ್ಟು ಚೆರಿ ತೆಗೆದರು, ಸಿಪ್ಪೆ ಬಿಡಿಸಿ ತೂಗಿದರು: ಐವತ್ತು ಕೆ.ಜಿ. ಚೆರಿಗೆ ಬೀಜ ಎಷ್ಟು ಇಳಿಯುತ್ತದೆ ಎಂಬ ಔಟ್‌ಟರ್ನ್ ಲೆಕ್ಕ. ತೇವ ನೋಡುವ ಮೀಟರ್ ಇದ್ದರೂ ಒಂದು ಬೀಜ ಹಲ್ಲಿನಲ್ಲಿ ಕಚ್ಚಿ ನೋಡಿದ್ದಾಯಿತು. ಬೆಳೆಗಾರ ಲಂಡನ್ ದರ ತೆಗೆದು ತೋರಿಸಿದ. ವ್ಯಾಪಾರಿ ತನ್ನ ಫೋನಿನಲ್ಲೂ ಅದೇ ದರ ತೋರಿಸಿ ನಕ್ಕ, ಹೇಳಿದ್ದು ತನ್ನ ದರ.

ದುಡ್ಡು? ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ಹಗಲೂ ರಾತ್ರಿ, ರಜೆಯ ದಿನವೂ ನಡೆಯುತ್ತದೆ. ಅಂದು ಗುರುವಾರ.

‘ಗೌಡ್ರೇ, ಸೋಮವಾರ ಹಾಕ್ತೀನಿ.’

ಗೌಡರು ತಲೆಯಾಡಿಸಿ ಜೀಪು ಹತ್ತಿದರು. ಯಾವ ಸೋಮವಾರ ಎಂದು ಅವರೂ ಕೇಳಲಿಲ್ಲ.