ಕರ್ತೃವಿಲ್ಲದ ವಾಕ್ಯ

ತಂದೆ ತೀರಿಕೊಂಡ ಮರುವರ್ಷ ನನ್ನ ತಾಯಿ ವಿಧವಾ ವೇತನಕ್ಕೆ ಸಲ್ಲಿಸಿದ್ದ ಅರ್ಜಿಗೆ ಕಚೇರಿಯೊಂದರಿಂದ ಉತ್ತರ ಬಂದಿತು. ‘ದಾಖಲೆಗಳು ಅಪೂರ್ಣವಾಗಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ಒಂದೇ ವಾಕ್ಯ. ಓದಿ ಹೇಳಿದೆ. ಅಕ್ಷರ ಬಾರದ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ಯಾಡ ಅಂದೋರು ಯಾರಪ್ಪ?” ಎಂದರು. ಕನ್ನಡ ಎಂ.ಎ. ಪದವೀಧರನಾದ ನನ್ನಲ್ಲಿ ಉತ್ತರವಿರಲಿಲ್ಲ. ಆ ವಾಕ್ಯದಲ್ಲಿಯೂ ಇರಲಿಲ್ಲ.

‘ಹುಡುಗನು ಮರವನ್ನು ಕಡಿದನು’ ಎಂಬುದನ್ನು ‘ಹುಡುಗನಿಂದ ಮರವು ಕಡಿಯಲ್ಪಟ್ಟಿತು’ ಎಂದು ತಿರುಗಿಸಿ ನಾವೆಲ್ಲ ಅಂಕ ಪಡೆದವರೇ. ಆದರೆ ತಿರಸ್ಕಾರದ ಆ ವಾಕ್ಯ ಈ ಕರ್ತರಿ-ಕರ್ಮಣಿಗಳ ಚೌಕಟ್ಟಿಗೆ ಒಗ್ಗುವುದಿಲ್ಲ. ‘ಅಲ್ಪಡು’ ರೂಪದಲ್ಲಿ ಕರ್ಮವು ಪ್ರಥಮಾ ವಿಭಕ್ತಿಗೆ ಬಂದು ಕರ್ತೃವಿನ ಪೀಠದಲ್ಲಿ ಕುಳಿತುಕೊಳ್ಳುತ್ತದೆ. ‘ಅಲಾಗು’ ರೂಪದಲ್ಲಿ ‘ಅರ್ಜಿಯನ್ನು’ ಎಂಬುದು ದ್ವಿತೀಯೆಯಲ್ಲಿಯೇ ಉಳಿಯುತ್ತದೆ. ಪೀಠ ಖಾಲಿ. ಕ್ರಿಯಾಪದವು ನಪುಂಸಕ ಏಕವಚನದಲ್ಲಿ ನಿಂತು ಯಾರತ್ತಲೂ ಬೆರಳು ತೋರುವುದಿಲ್ಲ.

ಎಂ.ಎ.ಕೆ. ಹ್ಯಾಲಿಡೆ ಅವರು 1985ರಲ್ಲಿ ಪ್ರಕಟಿಸಿದ ಕಾರ್ಯಾತ್ಮಕ ವ್ಯಾಕರಣದ ಗ್ರಂಥವನ್ನು ನಾನು ಓದತೊಡಗಿದ್ದು ಈ ಪ್ರಶ್ನೆಯ ಬೆನ್ನು ಹತ್ತಿ. ವಾಕ್ಯವು ಏಕಕಾಲಕ್ಕೆ ಅನುಭವವನ್ನು ನಿರೂಪಿಸುತ್ತದೆ, ಆಡುವವರ ಹಾಗೂ ಕೇಳುವವರ ಸಂಬಂಧವನ್ನು ಕಟ್ಟುತ್ತದೆ, ಹಿಂದುಮುಂದಿನ ಮಾತಿನೊಡನೆ ಹೆಣೆದುಕೊಳ್ಳುತ್ತದೆ ಎಂಬುದು ಅವರ ನಿಲುವು. ವ್ಯಾಕರಣವೆಂದರೆ ಅವರಿಗೆ ಆಯ್ಕೆಗಳ ಜಾಲ. ‘ತಿರಸ್ಕರಿಸಿದ್ದೇನೆ’ ಎನ್ನಬಹುದಾದಲ್ಲಿ ‘ತಿರಸ್ಕರಿಸಲಾಗಿದೆ’ ಎಂದದ್ದೂ ಒಂದು ಆಯ್ಕೆ. ಆದರೆ ಬರೆದ ಗುಮಾಸ್ತರನ್ನು ದೂರಲಾರೆ; ಅವರು ಲೇಖನಿ ಹಿಡಿಯುವ ಮೊದಲೇ ಕಚೇರಿಯ ಭಾಷೆ ಆ ಆಯ್ಕೆಯನ್ನು ಮಾಡಿಟ್ಟಿತ್ತು. ದಾಖಲೆ ಸೇರಿಸಿ ಮತ್ತೆ ಸಲ್ಲಿಸಿದ ಅರ್ಜಿಗೆ ಎಂಟು ತಿಂಗಳ ಬಳಿಕ ‘ಮಂಜೂರು ಮಾಡಲಾಗಿದೆ’ ಎಂಬ ಉತ್ತರ ಬಂದಿತು. ಈ ಸಲ ಅಮ್ಮ ಯಾರೆಂದು ಕೇಳಲಿಲ್ಲ.

ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ನಮ್ಮನ್ನು ಸಂಸ್ಕೃತದ ಅಚ್ಚಿನಿಂದ ಹೊರಬರಲು ಒತ್ತಾಯಿಸಿದ ಕೃತಿ. ಇಂಗ್ಲಿಷನ್ನು ಮುಂದಿಟ್ಟುಕೊಂಡು ಬರೆದ ಹ್ಯಾಲಿಡೆಯವರ ಗ್ರಂಥವನ್ನು ಹಾಗೆಯೇ ಕನ್ನಡಕ್ಕೆ ಹೊಂದಿಸಹೊರಟರೆ ಇನ್ನೊಂದು ಅಚ್ಚಿಗೆ ಬಿದ್ದೇವೆಂಬ ಅಳುಕು ನನಗಿದ್ದೇ ಇದೆ.

ಕಳೆದ ತಿಂಗಳು ನನ್ನ ಮಹಾಪ್ರಬಂಧದ ಮೊದಲ ಅಧ್ಯಾಯವನ್ನು ತಿದ್ದಲು ಕುಳಿತೆ. ‘ಪರಿಶೀಲಿಸಲಾಗಿದೆ’, ‘ಚರ್ಚಿಸಲಾಗಿದೆ’, ‘ಕೈಬಿಡಲಾಗಿದೆ’ — ಒಂದೇ ಪುಟದಲ್ಲಿ ಇಂಥವು ಏಳು. ಕೊನೆಯದನ್ನು ‘ನಾನು ಕೈಬಿಟ್ಟಿದ್ದೇನೆ’ ಎಂದು ತಿದ್ದಿದೆ. ಮಾರ್ಗದರ್ಶಕರು ‘ನಾನು’ ಎಂಬುದರ ಕೆಳಗೆ ಗೆರೆಯೆಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮರಳಿಸಿದ್ದಾರೆ. ಆ ಪುಟವಿನ್ನೂ ಮೇಜಿನ ಮೇಲಿದೆ.