ಮುತ್ಯಾ, ನಿನಗ ಅಂಜಿಕಿ ಆಗಂಗಿಲ್ಲೇನು?

ಹೋದ ಮಳೆಗಾಲದ ಒಂದು ರಾತ್ರಿ. ಕಲಬುರಗಿಯ ನಮ್ಮ ಮನೆಯಲ್ಲಿ ಕರೆಂಟು ಹೋಗಿತ್ತು. ಹೊರಗೆ ಗುಡುಗು, ಮಿಂಚು. ಆರನೇ ತರಗತಿಯಲ್ಲಿ ಓದುವ ಮೊಮ್ಮಗಳು ಮೆಲ್ಲಗೆ ಬಂದು ನನ್ನ ಕೌದಿಯೊಳಗೆ ಸೇರಿಕೊಂಡಳು. ಸಂಜೆ ಟಿವಿಯಲ್ಲಿ ಯಾವುದೋ ದೇಶದ ಯುದ್ಧದ ಸುದ್ದಿ ನೋಡಿದ್ದಳು. ಮನೆ ಕಳೆದುಕೊಂಡ ಮಕ್ಕಳ ಮುಖ ಅವಳ ಕಣ್ಣಿನಿಂದ ಹೋಗಿರಲಿಲ್ಲ.

“ಮುತ್ಯಾ, ನಿನಗ ಅಂಜಿಕಿ ಆಗಂಗಿಲ್ಲೇನು?” ಅಂದಳು.

“ಆಗತದವ್ವ.”

“ನೀ ದಿನಾ ಪ್ರಾರ್ಥನಾ ಮಾಡ್ತಿ. ಯೇಸು ಸ್ವಾಮಿನ ನಂಬೀದಿ. ಮತ್ತ್ಯಾಕ ಅಂಜಿಕಿ?”

ನಾನು ಉತ್ತರ ಹುಡುಕುತ್ತಿರುವಾಗಲೇ ಅವಳಿಗೆ ನಿದ್ದೆ ಬಂತು. ನನಗೆ ಬರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವ ಹಾಗಿರಲಿಲ್ಲ. ಅವಳ ಪ್ರಶ್ನೆಯ ಲೆಕ್ಕವೂ ತಾಳೆಯಾಗಬೇಕಲ್ಲ! ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅವಳ ವಯಸ್ಸಿನ ಮಕ್ಕಳೂ ಓದಲಿ, ನನ್ನ ವಯಸ್ಸಿನ ಅಜ್ಜ-ಅಜ್ಜಿಯರೂ ಓದಲಿ.

ನಾನು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಭೀಮಾ ನದಿ ದಂಡೆಯ ಒಂದು ಹಳ್ಳಿಯಲ್ಲಿ. ಅಪ್ಪ, ಅವ್ವ ಇಬ್ಬರೂ ಕೂಲಿ ಮಾಡುತ್ತಿದ್ದರು. ಊರಿನಲ್ಲಿ ನಮ್ಮಂಥ ಕ್ರೈಸ್ತರ ಮನೆಗಳು ಕೆಲವೇ ಕೆಲವು. ತಗಡಿನ ಮಾಡಿನ ಒಂದು ಸಣ್ಣ ದೇವಾಲಯ. ಪಾಸ್ಟರರು ತಿಂಗಳಿಗೊಮ್ಮೆ ಸೈಕಲ್ ಮೇಲೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಅಕ್ಷರ ಬಲ್ಲವರೊಬ್ಬರು ಸತ್ಯವೇದ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ನನ್ನ ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಕೇಳಿದ್ದು ಒಂದನ್ನೂ ಮರೆಯುತ್ತಿರಲಿಲ್ಲ.

1972ರ ಬರವನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಆಗ ನಾನು ಕಲಬುರಗಿಯಲ್ಲಿ ಬಿ.ಕಾಂ. ಓದುತ್ತಿದ್ದೆ. ರಜೆಗೆ ಊರಿಗೆ ಬಂದರೆ ಅಪ್ಪ, ಅವ್ವ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಕಲ್ಲು ಒಡೆಯುತ್ತಿದ್ದರು. ಸಂಜೆ ಕೈತುಂಬ ಬೊಬ್ಬೆ. ಅಂಥ ಕಾಲದಲ್ಲೂ ಅವ್ವ ಜೋಳ ಬೀಸಿದಾಗಲೆಲ್ಲ ಒಂದು ಹಿಡಿ ಹಿಟ್ಟು ತೆಗೆದು ಬೇರೆ ಗಡಗಿಯಲ್ಲಿ ಹಾಕುತ್ತಿದ್ದಳು. ಊರಲ್ಲಿ ಯಾರ ಮನೆಯ ಒಲೆ ಹೊತ್ತಿಲ್ಲವೋ ಅವರಿಗೆ ಆ ಹಿಟ್ಟು.

ನನಗೆ ಸಿಟ್ಟು ಬಂತು. “ನಮಗೇ ಇಲ್ಲ. ಇದ್ಯಾಕ ಮಾಡ್ತಿ?” ಅಂದೆ.

ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಹಿಡಿ ಹಿಟ್ಟು ತೆಗೆದಿಟ್ಟೆ ಅಂದ್ರ, ನಾಳಿಗಿ ನಮಗೂ ರೊಟ್ಟಿ ಅದ ಅಂತ ಮನಸಿಗಿ ತಿಳೀತದ, ತಮ್ಮಾ. ಇಡಲಿಲ್ಲಂದ್ರ ಮನಸು ಇವತ್ತೇ ಸಾಯ್ತದ.”

ಎಲೀಯನೆಂಬ ಪ್ರವಾದಿಗೆ ಒಬ್ಬ ವಿಧವೆ ತನ್ನಲ್ಲಿದ್ದ ಕೊನೆಯ ಹಿಟ್ಟಿನಿಂದ ರೊಟ್ಟಿ ಸುಟ್ಟುಕೊಟ್ಟ ಕಥೆ ಸತ್ಯವೇದದಲ್ಲಿದೆ. ಅವಳ ಗಡಿಗೆಯ ಹಿಟ್ಟು ಆ ಬರ ಮುಗಿಯುವ ತನಕ ತೀರಲಿಲ್ಲವಂತೆ. ನಮ್ಮ ಗಡಗಿ ಹಾಗೆ ತಾನಾಗಿ ತುಂಬಲಿಲ್ಲ. ಎಷ್ಟೋ ರಾತ್ರಿ ಅಂಬಲಿ ಕುಡಿದು ಮಲಗಿದೆವು. ಆದರೆ ಒಂದು ದಿನ ನಮ್ಮ ಹಿಟ್ಟು ಪೂರಾ ತೀರಿದಾಗ, ಹಿಂದೊಮ್ಮೆ ಅವ್ವನ ಕೈಯಿಂದ ಹಿಟ್ಟು ಪಡೆದಿದ್ದ ಮುದುಕಿಯೊಬ್ಬಳು ಸೆರಗಿನಲ್ಲಿ ಎರಡು ಸೇರು ಜೋಳ ಕಟ್ಟಿಕೊಂಡು ಬಂದಳು. ಆ ದಿನದ ರೊಟ್ಟಿಯ ರುಚಿ ನನಗೆ ಇನ್ನೂ ನೆನಪಿದೆ.

ಮುಂದೆ ನನಗೆ ಬ್ಯಾಂಕಿನಲ್ಲಿ ನೌಕರಿ ಸಿಕ್ಕಿತು. ಊರೂರು ವರ್ಗವಾಗುತ್ತ 1993ರ ಹೊತ್ತಿಗೆ ಆಳಂದದಲ್ಲಿದ್ದೆ. ಈಗ ಹೇಳುವ ಸಂಗತಿಯನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ಸೆಪ್ಟೆಂಬರ್ 29ರಂದು ಅನಂತ ಚತುರ್ದಶಿ. ಗಣಪತಿ ಕಳಿಸಿ ಊರು ತಡವಾಗಿ ಮಲಗಿತ್ತು. ಮರುದಿನ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೇನು ಕೆಲವು ನಿಮಿಷಗಳಿರುವಾಗ ನೆಲ ಗುಡುಗಿತು. ಪಾತ್ರೆಗಳು ಉರುಳಿದವು. ಮಾಳಿಗೆಯ ಮಣ್ಣು ಮುಖದ ಮೇಲೆ ಸುರಿಯಿತು. ಅದು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪ. ನೆಟ್ಟಗೆ ಅಳೆದರೆ ಆಳಂದದಿಂದ ಸುಮಾರು 55 ಕಿಲೋಮೀಟರು. ನಮ್ಮ ದಖ್ಖನ್ನಿನದು ಗಟ್ಟಿ ನೆಲ, ಇಲ್ಲಿ ಭೂಮಿ ನಡುಗುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು.

ನಾನು ಏನು ಮಾಡಿದೆ ಗೊತ್ತೇ ಮಕ್ಕಳೇ? ಎದ್ದು ಹೊರಗೆ ಓಡಿದೆ. ಒಬ್ಬನೇ ಓಡಿದೆ. ಎರಡು ಮಕ್ಕಳನ್ನು ಎಳೆದುಕೊಂಡು ಹೆಂಡತಿ ನನ್ನ ಹಿಂದಿನಿಂದ ಬಂದಳು. ಬೀದಿಯಲ್ಲಿ ನಿಂತು “ಅತ್ತಿ ಎಲ್ಲಿ?” ಅಂದಳು.

ಅವ್ವ ಒಳಗೆ ಹೊರಸಿನ ಮೇಲೆ ಇದ್ದಳು. ಮೊಣಕಾಲು ನೋವಿನಿಂದ ಅವಳಿಗೆ ಎದ್ದು ನಡೆಯಲು ಆಗುತ್ತಿರಲಿಲ್ಲ. ಒಳಗೆ ಹೋಗಬೇಕೆಂದು ಮನಸ್ಸು ಹೇಳಿತು, ಕಾಲು ಏಳಲಿಲ್ಲ. ಪ್ರತಿ ಭಾನುವಾರ ಸಭೆಯ ಮುಂದೆ ನಿಂತು ಸತ್ಯವೇದ ಓದುತ್ತಿದ್ದ ನಾನು ಕಲ್ಲಿನ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಚಾಚಾ, ಹೊಲಿಗೆ ಕೆಲಸ ಮಾಡುವ ಹಿರಿಯರು, ಅಲ್ಲಾಹನ ಹೆಸರು ಹೇಳುತ್ತ ನಮ್ಮ ಮನೆಯೊಳಗೆ ನುಗ್ಗಿದರು. ಅವರನ್ನು ನೋಡಿದ ಮೇಲೆ ನನ್ನ ಕಾಲು ಎದ್ದಿತು. ಇಬ್ಬರೂ ಸೇರಿ ಹೊರಸಿನ ಸಮೇತ ಅವ್ವನನ್ನು ಹೊರಗೆ ತಂದೆವು.

ಬೆಳಗಾಗುವ ತನಕ ಓಣಿಯವರೆಲ್ಲ ಬಯಲಿನಲ್ಲಿ ಕುಳಿತೆವು. ಒಬ್ಬರು ಬಸವಣ್ಣ ಅಂದರು, ಒಬ್ಬರು ಅಲ್ಲಾಹ್ ಅಂದರು, ನಾವು ಯೇಸು ಸ್ವಾಮಿ ಅಂದೆವು. ಯಾರೋ ಮೂರು ಕಲ್ಲು ಹೂಡಿ ಚಹಾ ಕಾಸಿದರು. ನಾನು ಅವ್ವನ ಕಾಲ ಬಳಿ ಕುಳಿತು, “ನಿನ್ನ ಬಿಟ್ಟು ಓಡಿದೆ, ಅವ್ವಾ” ಅಂದೆ. ಮುಂದೆ ಮಾತು ಬರಲಿಲ್ಲ.

ಅವ್ವ ನನ್ನ ತಲೆಯ ಮೇಲಿನ ಮಣ್ಣು ಝಾಡಿಸಿದಳು. “ಪೇತ್ರನೂ ಓಡಿದ್ದ ತಮ್ಮಾ. ನನಗ ಅವ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದ್ದ. ಸ್ವಾಮಿ ಎದ್ದು ಬಂದ ಮ್ಯಾಲ ಯಾಕ ಓಡಿದಿ ಅಂತ ಕೇಳಿದನೇನು? ಕೆರಿ ದಂಡಿ ಮ್ಯಾಲ ಬೆಂಕಿ ಹಚ್ಚಿ, ಮೀನ ಸುಟ್ಟು, ಉಣ್ಣಾಕ ಕರದ. ಉಂಡ ಮ್ಯಾಲ ಕೆಲಸ ಹೇಳಿದ. ನೀನೂ ಚಹಾ ಕುಡಿ. ಕೆಲಸ ಭಾಳ ಅದ.”

ಕೆಲಸ ನಿಜವಾಗಿಯೂ ಬಹಳವಿತ್ತು. ಆ ಭೂಕಂಪದಲ್ಲಿ ಸತ್ತವರು ಹತ್ತಿರ ಹತ್ತಿರ 10,000 ಜನ. ಅಲ್ಲಿಯ ಮನೆಗಳಿಗೂ ನಮ್ಮಂತೆಯೇ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಮಲಗಿದ್ದವರ ಮೇಲೆಯೇ ಅವು ಕುಸಿದಿದ್ದವು. ನಮ್ಮ ಓಣಿಯ ಹೆಂಗಸರು ರೊಟ್ಟಿ ಬಡಿದು ಗಂಟು ಕಟ್ಟಿದರು. ಉಮರ್ಗಾ ಕಡೆ ಹೊರಟ ಲಾರಿಯಲ್ಲಿ ರೊಟ್ಟಿ, ಕೌದಿ ಹೇರಿಕೊಂಡು ಚಾಚಾ ಹತ್ತಿದರು, ನಾನೂ ಹತ್ತಿದೆ. ನನಗೆ ಮರಾಠಿ ಬರುತ್ತಿತ್ತು, ಕೈಯಲ್ಲಿ ಪೆನ್ನಿತ್ತು. ಮಳೆಯಲ್ಲಿ ನೆನೆಯುತ್ತ ಎರಡು ದಿನ ಬದುಕಿ ಉಳಿದವರ ಹೆಸರು ಬರೆದುಕೊಟ್ಟೆ. ಅಂಜಿಕೆ ಹೋಗಿತ್ತೇ? ಇಲ್ಲ. ನೆಲ ಸಣ್ಣಗೆ ಅಲುಗಿದಾಗಲೆಲ್ಲ ಕೈ ನಡುಗುತ್ತಿತ್ತು. ನಡುಗುವ ಕೈಯಿಂದಲೇ ಬರೆದೆ.

ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ನಾನು ನಿವೃತ್ತನಾಗಿ ಕಲಬುರಗಿಯಲ್ಲಿ ನೆಲೆಸಿದೆ. ಆಮೇಲೆ ಬಂದದ್ದು 2020. ದೇಶದಲ್ಲಿ ಕೊರೊನಾದಿಂದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯ 76 ವರ್ಷದ ಹಿರಿಯರದು. ತೀರಿಕೊಂಡದ್ದು ಮಾರ್ಚ್ 10ರಂದು, ಕಾರಣ ಖಚಿತವಾದದ್ದು 12ರಂದು. ಆ ಸುದ್ದಿ ಬಂದ ದಿನ ಇಡೀ ಊರು ಬಾಗಿಲು ಹಾಕಿಕೊಂಡಿತು. ದೇವಾಲಯವೂ ಮುಚ್ಚಿತು. ಶುಭ ಶುಕ್ರವಾರಕ್ಕೂ ತೆರೆಯಲಿಲ್ಲ. ಏಪ್ರಿಲ್ 12ರ ಈಸ್ಟರ್ ಬೆಳಿಗ್ಗೆ ನಾನೂ ನನ್ನವಳೂ ಮಾಳಿಗೆಯ ಮೇಲೆ ನಿಂತು ಇಬ್ಬರೇ ಹಾಡಿದೆವು.

ನಂಬಿಕೆ ಇದ್ದವರು ಹೆದರಿ ಮನೆಯಲ್ಲಿ ಕೂರಬೇಕೇ ಎಂದು ಪಾಸ್ಟರರನ್ನು ಫೋನಿನಲ್ಲಿ ಕೇಳಿದೆ. ಅವರು ಮಾರ್ಟಿನ್ ಲೂಥರನ ಸಂಗತಿ ಹೇಳಿದರು. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗಿಗೆ ಪ್ಲೇಗು ಬಂದಾಗ ಅವನು ಊರು ಬಿಡದೆ ರೋಗಿಗಳನ್ನು ನೋಡಿಕೊಂಡನಂತೆ. ಔಷಧಿ ತೆಗೆದುಕೊಳ್ಳಿ, ಕೆಲಸವಿಲ್ಲದ ಕಡೆ ಹೋಗಿ ರೋಗ ಹರಡಬೇಡಿ, ಆದರೆ ನೆರೆಯವನಿಗೆ ನಿಮ್ಮ ಅಗತ್ಯವಿದ್ದರೆ ಹಿಂದೆ ಸರಿಯಬೇಡಿ ಎಂಬುದು ಅವನು ಬರೆದದ್ದರ ಸಾರಾಂಶ. ಸರಿ, ಮನೆಯಲ್ಲಿ ಕುಳಿತೇ ಮಾಡುವ ಕೆಲಸ ಯಾವುದು ಎಂದು ಯೋಚಿಸಿದೆ.

ಒಂದು ಖಾಲಿ ಲೆಡ್ಜರ್ ಪುಸ್ತಕ ಇತ್ತು. ಗೆರೆ ಹೊಡೆದು ನಮ್ಮ ಸಭೆಯವರ, ನೆರೆಹೊರೆಯವರ 62 ಹೆಸರು ಬರೆದೆ. ದಿನಕ್ಕೆ ಆರು ಮಂದಿಗೆ ಫೋನು. ಒಬ್ಬರಿಗೆ ಬಿ.ಪಿ. ಗುಳಿಗೆ ಬೇಕಿತ್ತು, ಔಷಧಿ ಅಂಗಡಿಯ ಹುಡುಗನಿಗೆ ಹೇಳಿದೆ. ಒಬ್ಬ ಅಜ್ಜಿಗೆ ಏನೂ ಬೇಕಿರಲಿಲ್ಲ. ದೇವರನ್ನು ಕುರುಬನೆಂದು ಕರೆಯುವ ದಾವೀದನ ಕೀರ್ತನೆಯನ್ನು ಓದಿಸಿಕೊಂಡು, “ನಾಳಿಗೂ ಮಾಡ್ರಿ” ಅಂದಳು. ಫೋನು ಇಟ್ಟ ಮೇಲೆ ನನ್ನ ಎದೆಯ ಭಾರವೂ ಇಳಿದಿರುತ್ತಿತ್ತು.

ಮರುವರ್ಷದ ಎರಡನೇ ಅಲೆಯಲ್ಲಿ ಆ ಪುಸ್ತಕದ ನಾಲ್ಕು ಜನ ತೀರಿಕೊಂಡರು. ಅವರಲ್ಲೊಬ್ಬರು ನಲವತ್ತು ವರ್ಷ ನನ್ನ ಪಕ್ಕದಲ್ಲಿ ನಿಂತು ಹಾಡಿದವರು. ಬ್ಯಾಂಕಿನಲ್ಲಿ ಮುಗಿದ ಖಾತೆಯ ಮೇಲೆ ಗೆರೆ ಎಳೆಯುತ್ತಾರೆ. ನನಗೆ ಗೆರೆ ಎಳೆಯಲು ಕೈ ಬರಲಿಲ್ಲ. ಲೆಡ್ಜರಿನ ಪುಟ ತುಂಬಿದಾಗ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುತ್ತೇವಲ್ಲ, ಹಾಗೆ ಅವರ ಹೆಸರಿನ ಮುಂದೆ ‘ಮುಂದಿನ ಪುಟಕ್ಕೆ’ ಎಂದು ಬರೆದೆ. ಈಸ್ಟರ್ ಹಬ್ಬ ನನಗೆ ಕಲಿಸಿದ ಲೆಕ್ಕ ಇಷ್ಟೇ. ಆ ದಿನ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಅತ್ತೆ.

ಎರಡು ಅಲೆಗಳ ನಡುವೆ ಇನ್ನೊಂದು ಕಷ್ಟ ಬಂದಿತ್ತು. ನನ್ನ ತಂಗಿಯನ್ನು ಕೊಟ್ಟದ್ದು ಜೇವರ್ಗಿ ತಾಲ್ಲೂಕಿನ, ಭೀಮಾ ದಂಡೆಯ ಹಳ್ಳಿಗೆ. 2020ರ ಅಕ್ಟೋಬರಿನಲ್ಲಿ ಭಾರಿ ಮಳೆ ಸುರಿಯಿತು. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರು. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು ದಾಟಿ ಆ ನೀರೆಲ್ಲ ಕೆಳಗಿನ ಊರುಗಳಿಗೆ ನುಗ್ಗಿತು. ತಂಗಿಯ ಮನೆಯವರು ಉಟ್ಟ ಬಟ್ಟೆಯಲ್ಲಿ ಸರ್ಕಾರಿ ಶಾಲೆಯ ಕಾಳಜಿ ಕೇಂದ್ರ ಸೇರಿದರು. ಹೂವಿಗೆ ಬಂದಿದ್ದ ತೊಗರಿ, ಬಿಡಿಸಬೇಕಿದ್ದ ಹತ್ತಿ ಎರಡೂ ನೀರುಪಾಲು.

ನೀರು ಇಳಿದ ಮೇಲೆ ನೋಡಲು ಹೋದೆ. ಮನೆಯೊಳಗೆ ಮೊಣಕಾಲುದ್ದ ರಾಡಿ. ಟ್ರಂಕಿನಲ್ಲಿದ್ದ ಸತ್ಯವೇದ ನೆನೆದು ಉಬ್ಬಿತ್ತು. ಅಂಗಳದ ಕಲ್ಲಿನ ಮೇಲೆ ಬಿಸಿಲಿಗಿಟ್ಟು ತಂಗಿ ಒಂದೊಂದೇ ಹಾಳೆ ಬಿಡಿಸುತ್ತಿದ್ದಳು. ಸಮಾಧಾನ ಹೇಳಲೆಂದು ಹೋಗಿದ್ದ ನನಗೆ ಬಾಯಿಯೇ ಬರಲಿಲ್ಲ. ಅವಳೇ ಕೇಳಿದಳು: “ಅಣ್ಣಾ, ಕಡ್ಲಿ ಬೀಜಕ್ಕ ಎರಡು ಸಾವಿರ ರೂಪಾಯಿ ಕೊಡ್ತಿಯೇನು? ನೆಲ ಹಸಿ ಅದ. ಈಗ ಬಿತ್ತಿದ್ರ ಬೆಳೀತದ.”

ಹಾಳಾದದ್ದಕ್ಕೆ ಅವಳು ಅತ್ತಿರಲಿಲ್ಲವೆಂದಲ್ಲ. ಕಣ್ಣು ಊದಿಕೊಂಡಿದ್ದವು. ಆದರೂ ಬೆಳೆ ಕೊಂದ ಅದೇ ನೀರಿನ ತೇವದಲ್ಲಿ ಕಡಲೆ ಬಿತ್ತುವ ಮಾತಾಡಿದಳು. ಹಿಡಿ ಹಿಟ್ಟು ಎತ್ತಿಡುತ್ತಿದ್ದ ಅವ್ವನ ಮಗಳಲ್ಲವೇ! ಫೆಬ್ರುವರಿಯಲ್ಲಿ ಒಂದು ಚೀಲ ಕಡಲೆ ನಮ್ಮ ಮನೆಗೆ ಬಂತು. ಸಾಲ ತೀರಿತು ಎಂದು ಹೇಳಿ ಕಳಿಸಿದ್ದಳು.

ಗುಡುಗಿನ ಆ ರಾತ್ರಿ ಕಳೆದು ಬೆಳಗಾದ ಮೇಲೆ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಓಡಿಹೋದದ್ದನ್ನೂ ಮುಚ್ಚಿಡಲಿಲ್ಲ. ಅವಳು ಕಣ್ಣರಳಿಸಿ, “ಖರೇನೇ ಓಡಿದ್ದಿಯೇನು, ಮುತ್ಯಾ?” ಅಂದಳು.

“ಖರೇನೇ. ನಂಬಿದವರಿಗೂ ಅಂಜಿಕಿ ಬರತದವ್ವ. ಬಂದಾಗ ಅದನ್ನ ದೇವರಿಗಿ ಹೇಳಬೇಕು. ಹೇಳಿ, ಎದುರಿಗಿದ್ದ ಒಂದು ಸಣ್ಣ ಕೆಲಸ ಮಾಡಬೇಕು. ಅಂಜಿಕಿ ಹಿಂದಿಂದೇ ಬರಲಿ, ಬಿಡು. ನಮ್ಮ ಕೈಯಾಗ ಕೆಲಸ ಇರಲಿ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ತರಗತಿಯ ಒಬ್ಬ ಹುಡುಗಿ ವಾರದಿಂದ ಶಾಲೆಗೆ ಬಂದಿಲ್ಲ, ಅವಳ ಅಪ್ಪನಿಗೆ ಆರಾಮಿಲ್ಲ ಎಂದು ಹೇಳಿದಳು. ಫೋನು ಮಾಡಲೇ ಎಂದು ಕೇಳಿದಳು.

ನಾನು ಕಪಾಟಿನಿಂದ ಆ ಲೆಡ್ಜರ್ ತೆಗೆದು ಕೊಟ್ಟೆ. ಹೊಸ ಪುಟದಲ್ಲಿ ದುಂಡು ಅಕ್ಷರದಲ್ಲಿ ಗೆಳತಿಯ ಹೆಸರು ಬರೆದಳು. ಅದು 63ನೆಯ ಹೆಸರು.